ಸ್ವಂತ ಡೊಮೈನ್‌ನ ಇಮೇಲ್

ಯಾವುದೋ ಕಂಪನಿಯ ಹೆಸರಿನಲ್ಲಿ ಮುಗಿಯುವ ಉಚಿತ ವಿಳಾಸದ ಬದಲು, ವ್ಯಕ್ತಿ, ಕುಟುಂಬ ಅಥವಾ ಸಣ್ಣ ವ್ಯಾಪಾರಸ್ಥರು ತಾವೇ ನೋಂದಾಯಿಸಿಕೊಂಡ ಡೊಮೈನ್ ಹೆಸರಿನ ಮೇಲೆ ನಡೆಸುವ ಇಮೇಲ್ ವ್ಯವಸ್ಥೆ. ವಿಳಾಸದಲ್ಲಿ @ ಚಿಹ್ನೆಯ ಬಲಕ್ಕಿರುವುದು ಡೊಮೈನ್. ಎಡಕ್ಕಿರುವುದು ಆ ಡೊಮೈನ್‌ನೊಳಗಿನ ಒಂದು ಪೆಟ್ಟಿಗೆಯ ಹೆಸರು. ಬಲಭಾಗ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ವಿಳಾಸದ ಯಜಮಾನಿಕೆ ಅವರದು. ಇಮೇಲ್‌ಗೆ ಮಿಂಚಂಚೆ, ವಿ-ಅಂಚೆ, ಇ-ಅಂಚೆ ಎಂಬ ಕನ್ನಡ ಪದಗಳು ಬಳಕೆಯಲ್ಲಿವೆ. ಡೊಮೈನ್ ಮಾತ್ರ ಆಡುಮಾತಿನಲ್ಲೂ ಬರಹದಲ್ಲೂ ಡೊಮೈನ್ ಆಗಿಯೇ ಉಳಿದಿದೆ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಇಂಥ ವಿಳಾಸವೊಂದನ್ನು ನಡೆಸಬಹುದು. ಇದಕ್ಕೆ ಸ್ವಂತ ಸರ್ವರ್ ಬೇಡ, ಸ್ವಂತ ಜಾಲತಾಣವೂ ಬೇಡ.

ವಿಳಾಸ ಮತ್ತು ಮನೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ, ಹಳೆಯ ದೇವಾಲಯಗಳಿಗೆ ಹೆಸರಾದ ಶಿರವಾಳದ ಯಾವುದಾದರೂ ಮನೆಯ ಅಂಚೆ ವಿಳಾಸವನ್ನು ತೆಗೆದುಕೊಳ್ಳಿ. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗುವವರೆಗೆ ಆ ವಿಳಾಸದ ಕೊನೆಯಲ್ಲಿ ಜಿಲ್ಲೆ ಗುಲ್ಬರ್ಗಾ ಎಂದಿರುತ್ತಿತ್ತು. 2014ರ ನವೆಂಬರ್ 1ರಂದು ಗುಲ್ಬರ್ಗಾವೇ ಕಲಬುರಗಿ ಆಯಿತು. ಇಷ್ಟಾದರೂ ಮನೆ ಇದ್ದಲ್ಲೇ ಇತ್ತು, 585ರಿಂದ ಶುರುವಾಗುವ ಪಿನ್‌ಕೋಡ್ ಹಾಗೆಯೇ ಇತ್ತು, ಹಳೆಯ ಜಿಲ್ಲೆಯ ಹೆಸರು ಬರೆದ ಪತ್ರವೂ ಮನೆ ಮುಟ್ಟುತ್ತಿತ್ತು. ಅಂಚೆ ಇಲಾಖೆ ಪತ್ರ ಸಾಗಿಸುತ್ತದೆ. ಮನೆಯ ಹೆಸರು ಇಲಾಖೆಯ ಸ್ವತ್ತಲ್ಲ.

ಉಚಿತ ಇಮೇಲ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಪತ್ರ ಸಾಗಿಸುವ ಕಂಪನಿಯ ಹೆಸರೇ ಮನೆಯ ಹೆಸರೂ ಆಗಿರುತ್ತದೆ. ಕಂಪನಿ ಸೇವೆ ನಿಲ್ಲಿಸಿದರೆ, ಖಾತೆಗೆ ಬೀಗ ಹಾಕಿದರೆ, ವಿಳಾಸವೇ ಇಲ್ಲವಾಗುತ್ತದೆ. ಹಿಂದಿನ ಇಂಟರ್‌ನೆಟ್ ಸೇವೆಗಳಾದ ವಿಎಸ್ಎನ್ಎಲ್, ಸಂಚಾರ್‌ನೆಟ್ ಕಾಲದ ವಿಳಾಸಗಳನ್ನು ಪುಸ್ತಕದ ಬೆನ್ನುಪುಟದಲ್ಲಿ, ಅಂಗಡಿಯ ರಸೀದಿಯಲ್ಲಿ ಅಚ್ಚು ಹಾಕಿಸಿದವರಿಗೆ ಆ ಅಚ್ಚು ಇಂದು ಉಪಯೋಗಕ್ಕಿಲ್ಲ.

ಯಾದಗಿರಿ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿಂದ ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳಲ್ಲಿ ಮೊಬೈಲ್ ನಂಬರ್ ಬದಲಾಗುವುದು ಸಾಮಾನ್ಯ. ತೊಂಬತ್ತು ದಿನ ಬಳಕೆಯಿಲ್ಲದ ಸಿಮ್ ನಿಷ್ಕ್ರಿಯವಾಗಬಹುದು, ಆಮೇಲೆ ಆ ಸಂಖ್ಯೆ ಬೇರೆಯವರ ಪಾಲಾಗಬಹುದು. ಉಚಿತ ಇಮೇಲ್ ಖಾತೆಯ ಪಾಸ್‌ವರ್ಡ್ ಮರೆತಾಗ ಒಟಿಪಿ ಹೋಗುವುದು ಅದೇ ಹಳೆಯ ಸಂಖ್ಯೆಗೆ. ಎರಡು ವರ್ಷ ತೆರೆಯದ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಆರಂಭಿಸಿದೆ. ಹುಡುಗನ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ, ಉದ್ಯೋಗದ ನೋಂದಣಿ, ಎಲ್ಲಕ್ಕೂ ಕೊಟ್ಟ ವಿಳಾಸ ಹೀಗೆ ಕೈತಪ್ಪಿದರೆ ಅದನ್ನು ಮರಳಿ ಪಡೆಯುವ ಹಾದಿ ಬಹುತೇಕ ಇಲ್ಲ. ಸ್ವಂತ ಡೊಮೈನ್ ಇದ್ದವರ ಪೆಟ್ಟಿಗೆಗೆ ಬೀಗ ಬಿದ್ದರೆ ಒಳಗಿನ ಹಳೆಯ ಪತ್ರಗಳು ಹೋಗಬಹುದು, ವಿಳಾಸ ಹೋಗುವುದಿಲ್ಲ. ಅದೇ ದಿನ ಬೇರೊಂದು ಸೇವೆಯಲ್ಲಿ ಪೆಟ್ಟಿಗೆ ತೆರೆದು ಹೊಸ ಪತ್ರಗಳನ್ನು ಅಲ್ಲಿಗೆ ತಿರುಗಿಸಬಹುದು. ಈ ಲೇಖನದ ಮಿಕ್ಕ ವಿವರಗಳೆಲ್ಲ ನಿಂತಿರುವುದು ಈ ಒಂದು ಅನುಕೂಲದ ಮೇಲೆ.

ಹಿನ್ನೆಲೆ

@ ಚಿಹ್ನೆಯನ್ನು ಇಮೇಲ್ ವಿಳಾಸಕ್ಕೆ ತಂದವರು ರೇ ಟಾಮ್ಲಿನ್‌ಸನ್, 1971ರಲ್ಲಿ. ಆಗ ಚಿಹ್ನೆಯ ಬಲಕ್ಕೆ ಬರುತ್ತಿದ್ದುದು ಒಂದು ನಿರ್ದಿಷ್ಟ ಕಂಪ್ಯೂಟರಿನ ಹೆಸರು. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು, ಅಂದರೆ ಡಿಎನ್ಎಸ್ ಅನ್ನು, ರೂಪಿಸಿದರು. ಸ್ವಂತ ವಿಳಾಸದ ಮಟ್ಟಿಗೆ ನಿಜವಾದ ತಿರುವು ಬಂದದ್ದು 1986ರಲ್ಲಿ. ಆ ವರ್ಷ ಕ್ರೇಗ್ ಪಾರ್ಟ್ರಿಜ್ ಬರೆದ ಮಾನಕದಲ್ಲಿ ಎಂಎಕ್ಸ್ ದಾಖಲೆಯ ಬಳಕೆ ಸ್ಪಷ್ಟಗೊಂಡಿತು: ಈ ಹೆಸರಿಗೆ ಬಂದ ಪತ್ರವನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕು ಎಂದು ಹೆಸರಿನ ಯಜಮಾನರೇ ಹೇಳಬಹುದು. ಹೆಸರು ಒಂದೆಡೆ, ಪೆಟ್ಟಿಗೆ ಇನ್ನೊಂದೆಡೆ ಇರುವುದು ಅಲ್ಲಿಂದ ಸಾಧ್ಯವಾಯಿತು.

ಭಾರತದ ಸಂಕೇತವಾದ ಡಾಟ್ ಇನ್ 1989ರಲ್ಲಿ ದೊರೆಯಿತು. ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮರುವರ್ಷ, 1996ರ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಜೊತೆಗಾರ ಜ್ಯಾಕ್ ಸ್ಮಿತ್ ಜೊತೆಗೂಡಿ ಹಾಟ್‌ಮೇಲ್ ತೆರೆದರು. ಯಾವ ಕಂಪ್ಯೂಟರಿನಿಂದ ಬೇಕಾದರೂ ಬ್ರೌಸರ್‌ನಲ್ಲಿ ಇಮೇಲ್ ಓದುವ ಅಭ್ಯಾಸ ಲೋಕಕ್ಕೆ ಹರಡಿದ್ದು ಅದರಿಂದ. ಕಂಪನಿಯ ಹೆಸರನ್ನೇ ತನ್ನ ವಿಳಾಸವೆಂದು ಬರೆದುಕೊಳ್ಳುವ ಅಭ್ಯಾಸವೂ ಅದರ ಜೊತೆಗೇ ಬಂತು. 1997ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಅದೇ ಕಾಲದಲ್ಲಿ ಕನ್ನಡಿಗರು ಸ್ವಂತ ಹೆಸರನ್ನೂ ಕಟ್ಟತೊಡಗಿದ್ದರು. ಯು. ಬಿ. ಪವನಜ 1996ರಲ್ಲಿ ಆರಂಭಿಸಿದ ವಿಶ್ವಕನ್ನಡ ಅಂತರಜಾಲದ ಮೊದಲ ಕನ್ನಡ ಪತ್ರಿಕೆಯೆಂದು ಹೆಸರಾಗಿದೆ. 2005ರಲ್ಲಿ ಹರಿಪ್ರಸಾದ್ ನಾಡಿಗರ ಸಂಪದ ಜಾಲತಾಣ ಬಂತು. ಇವು ಯಾವುದೋ ಕಂಪನಿಯ ಅಂಗಳದಲ್ಲಿ ಹಾಕಿದ ಚಪ್ಪರಗಳಾಗಿ ಉಳಿಯದೆ ತಮ್ಮದೇ ಡೊಮೈನ್‌ಗಳ ಮೇಲೆ ನಿಂತವು.

ಡಾಟ್ ಇನ್ ಹೆಸರುಗಳ ನೋಂದಣಿ ಎಲ್ಲರಿಗೂ ಸಲೀಸಾದದ್ದು 2005ರ ಜನವರಿಯಿಂದ, ನಿಕ್ಸಿ ಸಂಸ್ಥೆಯ ಕೆಳಗೆ. 2006ರ ಆಗಸ್ಟ್‌ನಲ್ಲಿ ಗೂಗಲ್ ಸ್ವಂತ ಡೊಮೈನ್‌ಗೆ ಪುಕ್ಕಟೆ ಪೆಟ್ಟಿಗೆ ಕೊಡಲು ಮುಂದಾಯಿತು. ಆ ಉಚಿತ ಸೇವೆಯನ್ನು ಹೊಸಬರಿಗೆ 2012ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಹಳಬರೂ ಹಣ ಕೊಡಬೇಕೆಂದು 2022ರ ಜನವರಿಯಲ್ಲಿ ಪ್ರಕಟಿಸಿ, ಕೆಲವೇ ತಿಂಗಳಲ್ಲಿ ವೈಯಕ್ತಿಕ ಬಳಕೆದಾರರಿಗೆ ವಿನಾಯಿತಿ ಕೊಟ್ಟಿತು. ಆ ತಿಂಗಳುಗಳಲ್ಲಿ ಹಲವು ಕುಟುಂಬಗಳು ಬೇರೆ ಸೇವೆಗೆ ಬಂಡಿ ಕಟ್ಟಿದವು. ಅವರ ವಿಳಾಸ ಒಂದಕ್ಷರವೂ ಬದಲಾಗಲಿಲ್ಲ.

ಮೂರು ಕಡೆಯ ಲೆಕ್ಕ

ಹೊಸಬರು ಎಡವುವುದು ಒಂದೇ ಜಾಗದಲ್ಲಿ: ಡೊಮೈನ್ ಕೊಂಡರೆ ಇಮೇಲ್ ತಾನಾಗಿ ಬರುತ್ತದೆಂದು ತಿಳಿಯುವುದು. ಇಲ್ಲಿ ಕೆಲಸ ಮೂರು, ಮೂರನ್ನೂ ಬೇರೆ ಬೇರೆಯವರ ಕೈಯಲ್ಲಿ ಇಡಬಹುದು. ಹೆಸರನ್ನು ನೋಂದಾಯಿಸುವವರು ರಿಜಿಸ್ಟ್ರಾರ್. ಆ ಹೆಸರಿಗೆ ಬಂದವರನ್ನು ಎತ್ತ ಕಳಿಸಬೇಕೆಂದು ಹೇಳುವ ಕೈಮರ ಡಿಎನ್ಎಸ್. ಪತ್ರಗಳನ್ನು ಹಿಡಿದಿಡುವ ಪೆಟ್ಟಿಗೆ ಇಮೇಲ್ ಸೇವೆ. ಪೆಟ್ಟಿಗೆ ಬದಲಿಸುವುದೆಂದರೆ ಕೈಮರದ ಹಲಗೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದಂತೆ. ಹೆಸರಿಗೆ ಕೈ ಹಚ್ಚಬೇಕಾಗಿಲ್ಲ.

ಪತ್ರ ಕಳಿಸುವ ಸರ್ವರ್ ಮೊದಲು ಡಿಎನ್ಎಸ್‌ನಲ್ಲಿ ಎಂಎಕ್ಸ್ ದಾಖಲೆ ಕೇಳುತ್ತದೆ. ಸಾಮಾನ್ಯವಾಗಿ ಎರಡು ಮೂರು ಹೆಸರುಗಳು ಸಿಗುತ್ತವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸಂಖ್ಯೆ ಚಿಕ್ಕದಿದ್ದಷ್ಟೂ ಆದ್ಯತೆ ಹೆಚ್ಚು. ಯಾವುದೂ ಬಾಗಿಲು ತೆರೆಯದಿದ್ದರೆ ಕಳಿಸುವ ಸರ್ವರ್ ಪತ್ರವನ್ನು ಎಸೆಯದೆ ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ; ಮಾನಕ ಸೂಚಿಸುವ ಅವಧಿ ಕನಿಷ್ಠ ನಾಲ್ಕೈದು ದಿನ. ಬೀಗ ಹಾಕಿದ ಮನೆಗೆ ನಾಳೆ ಮತ್ತೆ ಬರುವ ಅಂಚೆಯಣ್ಣನಂತೆ. ಹೀಗಾಗಿ ಪೆಟ್ಟಿಗೆ ಬದಲಿಸುವ ಹೊತ್ತಿನಲ್ಲಿ ಕೆಲವು ಗಂಟೆ ಅಡಚಣೆಯಾದರೂ ಪತ್ರ ಕಳೆದುಹೋಗುವ ಭಯ ಬೇಡ.

ಹೆಸರಿನ ಆಯ್ಕೆ

ಕನ್ನಡದ ಹೆಸರನ್ನು ರೋಮನ್ ಲಿಪಿಯಲ್ಲಿ ನೋಂದಾಯಿಸುವಾಗ ತೊಡಕು ಅಕ್ಷರದಲ್ಲೇ ಇದೆ. ಶಿರವಾಳ ಎಂಬುದನ್ನೇ ನೋಡಿ. ‘ಶ’ಕ್ಕೆ ಬರೀ ಎಸ್ ಅಥವಾ ಎಸ್ ಜೊತೆಗೆ ಎಚ್, ‘ರ’ದ ನಂತರದ ಅಕಾರವನ್ನು ಬರೆಯಬಹುದು, ಬಿಡಬಹುದು, ‘ವ’ಕ್ಕೆ ವಿ ಅಥವಾ ಡಬ್ಲ್ಯು, ದೀರ್ಘಕ್ಕೆ ಒಂದು ಎ ಅಥವಾ ಎರಡು. ಒಟ್ಟು ಹದಿನಾರು ಬಗೆ. ‘ಳ’ ಮತ್ತು ‘ಲ’ ಎರಡೂ ಎಲ್ ಆಗುವುದರಿಂದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಶಿರವಳವೂ ಇದೇ ಕಾಗುಣಿತದೊಳಗೆ ಬಂದು ಸೇರುತ್ತದೆ. ನೆರೆಯ ಸುರಪುರವನ್ನು ಬ್ರಿಟಿಷರ ಬರಹಗಳು ಶೋರಾಪುರ ಮಾಡಿದ್ದವು. ಯಾದಗಿರಿ ಇಂಗ್ಲಿಷ್ ಫಲಕಗಳಲ್ಲಿ ಯಾದಗೀರ್ ಆಗಿದೆ. ಊರ ಹೆಸರನ್ನೋ ಮನೆತನದ ಅಡ್ಡಹೆಸರನ್ನೋ ಡೊಮೈನ್ ಮಾಡಿಕೊಳ್ಳುವವರು ಅದನ್ನು ಫೋನಿನಲ್ಲಿ ಒಮ್ಮೆ ಹೇಳಿ, ಕೇಳಿದವರು ಏನು ಬರೆದುಕೊಂಡರೆಂದು ನೋಡುವುದು ಒಳ್ಳೆಯದು. ಹತ್ತು ಜನರಲ್ಲಿ ಎಂಟು ಜನ ತಪ್ಪದೆ ಬರೆಯುವ ಹೆಸರು, ಅರ್ಥ ಸ್ವಲ್ಪ ಸಪ್ಪೆಯಾದರೂ, ಚೆಂದದ ಕಷ್ಟದ ಹೆಸರಿಗಿಂತ ಮೇಲು. ಅಂಕಿ, ಅಡ್ಡಗೆರೆ ಬೇಡ.

ಡಾಟ್ ಇನ್ ಹೆಸರಿಗೆ ನಿಜವಾದ ಹೆಸರು, ವಿಳಾಸ ಕೊಡಬೇಕು. ಗುರುತಿನ ದಾಖಲೆ ಕೇಳುವುದೂ ಉಂಟು. ಪರಿಚಿತರ ಅಂಗಡಿಯಲ್ಲಿ, ಸೈಬರ್ ಸೆಂಟರಿನಲ್ಲಿ ನೋಂದಣಿ ಮಾಡಿಸುವವರು ಒಂದನ್ನು ಕಣ್ಣಾರೆ ಖಚಿತಪಡಿಸಿಕೊಳ್ಳಬೇಕು: ನೋಂದಣಿದಾರರ ಜಾಗದಲ್ಲಿ ಬರೆದಿರುವುದು ತಮ್ಮ ಹೆಸರು, ಮಾಡಿಕೊಟ್ಟವರದಲ್ಲ. ಹೊಲದ ಪಹಣಿಯಲ್ಲಿ ಬೇರೆಯವರ ಹೆಸರು ಕೂತರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಖರ್ಚು

ಡೊಮೈನ್ ಮಾರಾಟವಲ್ಲ, ವರ್ಷದ ಲೆಕ್ಕದ ಗುತ್ತಿಗೆ. ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಾರ್‌ಗಳೇ ಮೂಲ ಸಂಸ್ಥೆಯಾದ ವೆರಿಸೈನ್‌ಗೆ ತೆರಬೇಕಾದ ಸಗಟು ದರ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 10.26 ಡಾಲರ್. ಅದರ ಮೇಲೆ ಅವರ ಲಾಭ, ಶೇಕಡಾ 18 ಜಿಎಸ್‌ಟಿ ಸೇರಿದಾಗ ಗ್ರಾಹಕರಿಗೆ ಸಾವಿರ ರೂಪಾಯಿ ದಾಟುತ್ತದೆ. ಡಾಟ್ ಇನ್ ಸಾಮಾನ್ಯವಾಗಿ ಇದಕ್ಕಿಂತ ಅಗ್ಗ. ಮೊದಲ ವರ್ಷಕ್ಕೆ ನೂರಿನ್ನೂರು ರೂಪಾಯಿ ಎಂದು ದೊಡ್ಡಕ್ಷರದಲ್ಲಿ ಬರೆದು ಎರಡನೇ ವರ್ಷದ ದರವನ್ನು ಸಣ್ಣಕ್ಷರದಲ್ಲಿ ಇಡುವ ರಿಜಿಸ್ಟ್ರಾರ್‌ಗಳು ಬಹಳ. ನೋಡಬೇಕಾದದ್ದು ನವೀಕರಣದ ದರವೊಂದನ್ನೇ. ವಿಳಾಸವನ್ನು ಇಟ್ಟುಕೊಳ್ಳುವುದು ಹತ್ತಿಪ್ಪತ್ತು ವರ್ಷಕ್ಕೆ, ಮೊದಲ ವರ್ಷಕ್ಕಲ್ಲ. ನೋಂದಣಿಯ ಹೊತ್ತಿನಲ್ಲಿ ಜಾಲತಾಣ, ಭದ್ರತೆ, ಇಮೇಲ್ ಎಂದು ಬುಟ್ಟಿಗೆ ಸೇರಿಸುವ ಬಾಬತ್ತುಗಳನ್ನೆಲ್ಲ ತೆಗೆದುಹಾಕಿದರೂ ಏನೂ ಕೊರತೆಯಾಗದು.

ಪೆಟ್ಟಿಗೆಯ ಖರ್ಚು ದಾರಿಯ ಮೇಲೆ ನಿಂತಿದೆ. ಸೊನ್ನೆ ಖರ್ಚಿನ ದಾರಿ ಮರುರವಾನೆ. 2021ರಲ್ಲಿ ಕ್ಲೌಡ್‌ಫ್ಲೇರ್ ಆರಂಭಿಸಿದ ಉಚಿತ ಸೇವೆ ಇದಕ್ಕೆ ಒಳ್ಳೆಯ ಉದಾಹರಣೆ: ಸ್ವಂತ ಡೊಮೈನ್‌ಗೆ ಬಂದ ಪತ್ರವನ್ನು ಈಗಿರುವ ಜೀಮೇಲ್ ಪೆಟ್ಟಿಗೆಗೆ ದಾಟಿಸುತ್ತದೆ. ಪತ್ರ ಬರುವುದಷ್ಟೇ ಮುಖ್ಯವಾದವರಿಗೆ ಇಷ್ಟು ಸಾಕು. ಆದರೆ ಉತ್ತರ ಬರೆದಾಗ ಅದು ಹಳೆಯ ಜೀಮೇಲ್ ವಿಳಾಸದಿಂದಲೇ ಹೊರಡುತ್ತದೆ. ಬೇರೆ ಏರ್ಪಾಡಿನಿಂದ ಸ್ವಂತ ವಿಳಾಸವನ್ನು ಮುಂದೆ ಮಾಡಿದರೂ ಡೊಮೈನ್‌ನ ಸಹಿ (ಮುಂದೆ ಹೇಳುವ ಡಿಕಿಮ್) ಸಾಮಾನ್ಯವಾಗಿ ಅದಕ್ಕಿರುವುದಿಲ್ಲ.

ಎರಡನೆಯದು, ನಿಜವಾದ ಪೆಟ್ಟಿಗೆಯನ್ನೇ ಉಚಿತವಾಗಿ ಕೊಡುವ ಸೇವೆ. ಚೆನ್ನೈನಲ್ಲಿ ಕೇಂದ್ರವಿರುವ, ತೆಂಕಾಶಿಯ ಹಳ್ಳಿಯಲ್ಲೂ ಕಚೇರಿ ನಡೆಸುವ ಜೋಹೋ ಒಂದು ಡೊಮೈನ್‌ಗೆ ಐವರವರೆಗೆ, ತಲಾ 5 ಜಿಬಿಯ ಪೆಟ್ಟಿಗೆಯನ್ನು ಉಚಿತ ಯೋಜನೆಯಲ್ಲಿ ಕೊಡುತ್ತ ಬಂದಿದೆ. ಬ್ರೌಸರ್ ಮತ್ತು ಅದರದೇ ಆ್ಯಪ್‌ನಲ್ಲಿ ಮಾತ್ರ ಅದನ್ನು ಬಳಸಬಹುದು. ಬೇರೆ ಆ್ಯಪ್‌ಗಳಿಗೆ ಬೇಕಾದ ಐಮ್ಯಾಪ್ ಸೌಲಭ್ಯ ಹಣ ಕೊಟ್ಟವರಿಗಷ್ಟೇ. ತಾಯಿ ತಂದೆ ಶಹಾಪುರದಲ್ಲಿ, ಮಗಳು ಬೆಂಗಳೂರಿನಲ್ಲಿ, ಮಗ ಡಲ್ಲಾಸ್‌ನಲ್ಲಿ ಇರುವ ಮನೆಗೆ ಐದು ಪೆಟ್ಟಿಗೆ ಧಾರಾಳ. ಈ ಬರಹಗಾರನ ಮಟ್ಟಿಗೆ, ಕಡಿಮೆ ಖರ್ಚಿನಲ್ಲಿ ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವ ಕನ್ನಡಿಗರಿಗೆ ತಕ್ಕ ದಾರಿ ಇದೇ. ಇಂದಿನ ಉಚಿತ ನಾಳೆ ಇಲ್ಲವಾಗಬಹುದು ನಿಜ. ಆ ದಿನ ಬಂದರೆ ಕೈಮರ ತಿರುಗಿಸಿದರಾಯಿತು.

ಹಣ ಕೊಡುವ ದಾರಿಗಳಲ್ಲಿ ಗೂಗಲ್ ಮತ್ತು ಮೈಕ್ರೋಸಾಫ್ಟ್ ಪೆಟ್ಟಿಗೆಗೊಂದರಂತೆ ತಿಂಗಳ ದರ ಹಾಕುತ್ತವೆ. ಮನೆಮಂದಿಗೆಲ್ಲ ಕೊಡಿಸಿದರೆ ವರ್ಷಕ್ಕೆ ಸಾವಿರಾರು ರೂಪಾಯಿ. ಐಫೋನ್ ಇರುವವರು ಆ್ಯಪಲ್‌ನ ಐಕ್ಲೌಡ್ ಪ್ಲಸ್ ಚಂದಾದಲ್ಲೇ ಐದು ಸ್ವಂತ ಡೊಮೈನ್‌ಗಳನ್ನು ಜೋಡಿಸಬಹುದು. ಸ್ವಿಟ್ಜರ್ಲೆಂಡಿನ ಮಿಗಾಡುವಿನಂಥ ಸಣ್ಣ ಸೇವೆಗಳು ಪೆಟ್ಟಿಗೆಗಳನ್ನು ಎಣಿಸದೆ ಒಟ್ಟು ಬಳಕೆಗೆ ದರ ಹಾಕುತ್ತವೆ.

ಮನೆಯಲ್ಲೇ ಸರ್ವರ್ ಇಟ್ಟು ಇಮೇಲ್ ನಡೆಸುವುದು ಕಲಿಕೆಗೆ ಸೊಗಸು, ಬಳಕೆಗಲ್ಲ. ಮನೆಯ ಇಂಟರ್‌ನೆಟ್‌ಗೆ ಸ್ಥಿರ ಐಪಿ ವಿಳಾಸ ಇರುವುದಿಲ್ಲ, ಸರ್ವರ್‌ಗಳ ನಡುವೆ ಪತ್ರ ಸಾಗುವ 25ನೇ ಪೋರ್ಟ್ ಬಹುತೇಕ ಕಡೆ ಮುಚ್ಚಿರುತ್ತದೆ, ಕರೆಂಟು ಹೋದರೆ ಅಂಚೆಮನೆಯೇ ಮುಚ್ಚುತ್ತದೆ.

ನಂಬಿಕೆಯ ಮೂರು ದಾಖಲೆಗಳು

ಹಳೆಯ ಕಾಗದದಂತೆಯೇ ಇಮೇಲ್‌ನಲ್ಲೂ ‘ಇಂದ’ ಎಂಬ ಜಾಗದಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು. ಮೋಸ ಹೆಚ್ಚಿದಂತೆ ಮೂರು ಪರೀಕ್ಷೆಗಳು ಬಂದವು. ಮೂರೂ ಡಿಎನ್ಎಸ್‌ನಲ್ಲಿ ಬರೆಯುವ ಒಂದೊಂದು ಸಾಲು. ಎಸ್‌ಪಿಎಫ್ ಎಂಬುದು ಈ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರ್‌ಗಳಿಗೆ ಅಧಿಕಾರವಿದೆ ಎಂಬ ಪಟ್ಟಿ. ಡೊಮೈನ್‌ಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು. ಎರಡು ಸೇವೆ ಬಳಸುವವರು ಎರಡು ಸಾಲು ಬರೆದರೆ ಪರೀಕ್ಷೆಯೇ ಕೆಡುತ್ತದೆ, ಎರಡನ್ನೂ ಒಂದರಲ್ಲಿ ಕೂಡಿಸಬೇಕು. ಡಿಕಿಮ್ ಎಂಬುದು ಮೊಹರು: ಕಳಿಸುವ ಸರ್ವರ್ ಗುಟ್ಟಿನ ಕೀಲಿಯಿಂದ ಪತ್ರಕ್ಕೆ ಸಹಿ ಹಾಕುತ್ತದೆ, ಪಡೆಯುವವರು ಡಿಎನ್ಎಸ್‌ನಲ್ಲಿರುವ ಬಹಿರಂಗ ಕೀಲಿಯಿಂದ ಅದನ್ನು ತಾಳೆ ನೋಡುತ್ತಾರೆ. ಪತ್ರ ಮರುರವಾನೆಯಾದಾಗ ಎಸ್‌ಪಿಎಫ್ ಮುರಿಯುವುದುಂಟು, ಒಳಗಿನದನ್ನು ಯಾರೂ ಮುಟ್ಟದಿದ್ದರೆ ಡಿಕಿಮ್ ಉಳಿಯುತ್ತದೆ. ಡಿಮಾರ್ಕ್ ಮೂರನೆಯದು, ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಬಿಡಬೇಕೆ, ಸ್ಪ್ಯಾಮ್‌ಗೆ ತಳ್ಳಬೇಕೆ, ತಿರಸ್ಕರಿಸಬೇಕೆ ಎಂಬ ಸೂಚನೆ ಅದರದು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮಗಳನ್ನು ಬಿಗಿಗೊಳಿಸಿವೆ. ದಿನಕ್ಕೆ ಐದು ಸಾವಿರ ಪತ್ರ ಕಳಿಸುವವರಿಗೆ ಜೀಮೇಲ್ ಮೂರನ್ನೂ ಕಡ್ಡಾಯ ಮಾಡಿದೆ, ಉಳಿದವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು. ಸ್ವಂತ ವಿಳಾಸದಿಂದ ಕಳಿಸಿದ್ದು ಸ್ಪ್ಯಾಮ್‌ಗೆ ಬೀಳುತ್ತದೆ ಎಂಬ ದೂರಿನ ಹಿಂದೆ ಬಹುಪಾಲು ಇರುವುದು ಬರೆಯದೇ ಬಿಟ್ಟ ಈ ಸಾಲುಗಳೇ. ಸೇವೆ ಕೊಡುವವರು ಅವನ್ನು ಸಿದ್ಧವಾಗಿ ಕೊಡುತ್ತಾರೆ. ನಕಲು ಮಾಡಿ ಅಂಟಿಸಿ, ಒಂದೆರಡು ಗಂಟೆ ಕಾಯಬೇಕು. ಡಿಮಾರ್ಕ್ ಅನ್ನು ಮೊದಲು ಬರೀ ನಿಗಾ ಇಡುವ ಸ್ಥಿತಿಯಲ್ಲಿಟ್ಟು, ಕೆಲವು ವಾರಗಳ ನಂತರ ಬಿಗಿ ಮಾಡುವುದು ರೂಢಿ.

ಕನ್ನಡ ಲಿಪಿಯ ವಿಳಾಸ

ಡಾಟ್ ಭಾರತ ಎಂಬ ಹೆಸರು ಕನ್ನಡ ಲಿಪಿಯಲ್ಲೂ ದೊರೆಯುತ್ತದೆ. ಡಿಎನ್ಎಸ್ ಒಳಗೆ ಅದು ಪ್ಯೂನಿಕೋಡ್ ಎಂಬ ವಿಧಾನದಲ್ಲಿ ರೋಮನ್ ಅಕ್ಷರಗಳ ಸಾಲಾಗಿ ಬದಲಾಗುತ್ತದೆ. ಓದುವವರ ಕಣ್ಣಿಗೆ ಕನ್ನಡವೇ. @ ಚಿಹ್ನೆಯ ಎಡಭಾಗವೂ ಕನ್ನಡದಲ್ಲಿರಬೇಕಾದರೆ ದಾರಿಯುದ್ದಕ್ಕೂ ಇರುವ ಸರ್ವರ್‌ಗಳು 2012ರಲ್ಲಿ ಬಂದ ಹೊಸ ಮಾನಕವನ್ನು ಒಪ್ಪಬೇಕು. ಜೀಮೇಲ್ 2014ರ ಆಗಸ್ಟ್‌ನಿಂದ ಇಂಥ ವಿಳಾಸಗಳಿಗೆ ಪತ್ರ ಕಳಿಸುತ್ತದೆ, ಅವುಗಳಿಂದ ಪಡೆಯುತ್ತದೆ. ಭಾರತದ ಡೇಟಾ ಎಕ್ಸ್‌ಜೆನ್ ಕಂಪನಿ 2016ರಲ್ಲಿ ಭಾರತೀಯ ಭಾಷೆಗಳ ಇಮೇಲ್ ವಿಳಾಸ ಕೊಡುವ ಡೇಟಾಮೇಲ್ ತಂದಿತು. 2017ರ ಕೊನೆಗೆ ರಾಜಸ್ಥಾನ ಸರ್ಕಾರ ತನ್ನ ನಾಗರಿಕರಿಗೆ ಹಿಂದಿ ವಿಳಾಸ ಕೊಡಲು ಮುಂದಾಯಿತು.

ತಡೆ ಇರುವುದು ಅರ್ಜಿ ನಮೂನೆಗಳಲ್ಲಿ. ಎಷ್ಟೋ ಜಾಲತಾಣಗಳು ಕನ್ನಡ ಅಕ್ಷರ ಕಂಡೊಡನೆ ವಿಳಾಸ ತಪ್ಪು ಎನ್ನುತ್ತವೆ. ತಪ್ಪು ವಿಳಾಸದ್ದಲ್ಲ, ನಮೂನೆ ಬರೆದವರದು, ಮತ್ತು ಅದನ್ನು ತಿದ್ದುವುದು ಕಷ್ಟದ ಕೆಲಸವೂ ಅಲ್ಲ. ಕನ್ನಡ ಬಲ್ಲವರು ಕನ್ನಡದಲ್ಲಿ ವಿಳಾಸ ಬರೆಯಲಾಗದಿರುವುದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು. ಲಿಪಿಯ ಕಡೆಯಿಂದಲೂ ಒಂದು ಎಚ್ಚರ ಬೇಕು. ಕನ್ನಡ, ತೆಲುಗು ಲಿಪಿಗಳಲ್ಲಿ ‘ರ’, ‘ಲ’, ‘ಬ’ದಂಥ ಅಕ್ಷರಗಳು ನೋಟಕ್ಕೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ತೆಲಂಗಾಣಕ್ಕೆ ಅಂಟಿಕೊಂಡ ಯಾದಗಿರಿಯಂಥ ಗಡಿ ಜಿಲ್ಲೆಯಲ್ಲಿ ಎರಡೂ ಲಿಪಿ ಬಲ್ಲವರು ಇದನ್ನು ದಿನವೂ ಕಾಣುತ್ತಾರೆ. ಒಂದು ಲಿಪಿಯ ಹೆಸರನ್ನು ಇನ್ನೊಂದರಲ್ಲಿ ನೋಂದಾಯಿಸಿ ಮೋಸ ಮಾಡದಂತೆ ಡಿಎನ್ಎಸ್‌ನ ತುತ್ತತುದಿಯಾದ ಮೂಲವಲಯದ ಲಿಪಿ ನಿಯಮಗಳು ಇಂಥ ಜೋಡಿಗಳನ್ನು ಗುರುತಿಸಿವೆ. ಸದ್ಯಕ್ಕೆ ಎರಡೂ ಇರುವುದು ಜಾಣತನ: ಬ್ಯಾಂಕು, ಅರ್ಜಿಗಳಿಗೆ ರೋಮನ್ ವಿಳಾಸ, ಕನ್ನಡ ವಿಳಾಸಕ್ಕೆ ಬಂದದ್ದೂ ಅದೇ ಪೆಟ್ಟಿಗೆಗೆ.

ಕೈತಪ್ಪದಂತೆ ಕಾಯುವುದು

ಸ್ವಂತ ಡೊಮೈನ್‌ಗೆ ಇರುವ ದೊಡ್ಡ ಅಪಾಯ ಮರೆವು. ನವೀಕರಿಸದ ಹೆಸರು ಮೊದಲು ಕೆಲಸ ನಿಲ್ಲಿಸುತ್ತದೆ. ಡಾಟ್ ಕಾಮ್‌ನಂಥವು ರಿಜಿಸ್ಟ್ರಾರ್ ಅಳಿಸಿದ ಮೇಲೂ ಮೂವತ್ತು ದಿನ, ಹೆಚ್ಚಿನ ದಂಡ ತೆತ್ತರೆ, ಮರಳಿ ಸಿಗುತ್ತವೆ. ಆಮೇಲೆ ಐದು ದಿನ ಕಳೆದು ಎಲ್ಲರಿಗೂ ಮುಕ್ತ. ಆಗ ಅದನ್ನು ಕೊಂಡವರಿಗೆ ಹಳೆಯ ಯಜಮಾನರ ಪತ್ರಗಳು ಬರತೊಡಗುತ್ತವೆ, ಬ್ಯಾಂಕು ಮತ್ತು ಇತರ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೂ ಸೇರಿ. ಸಾಧ್ಯವಾದರೆ ಒಮ್ಮೆಗೇ ಐದು ಅಥವಾ ಹತ್ತು ವರ್ಷಕ್ಕೆ ಹಣ ಕಟ್ಟುವುದು ಲೇಸು; ಹತ್ತು ವರ್ಷ ಗರಿಷ್ಠ ಮಿತಿ.

ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೈನ್‌ನ ಇಮೇಲ್ ಕೊಡಬಾರದು. ಡೊಮೈನ್ ನಿಂತ ದಿನ ನವೀಕರಣದ ನೆನಪೋಲೆ ಬರಬೇಕಾದ ಪೆಟ್ಟಿಗೆಯೂ ನಿಂತಿರುತ್ತದೆ. ಕೀಲಿಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತೆ. ಅಲ್ಲಿಗೆ ಬೇರೊಂದು ವಿಳಾಸ, ಎರಡು ಹಂತದ ಲಾಗಿನ್, ವರ್ಗಾವಣೆ ಆಗದಂತೆ ಬೀಗ, ಈ ಮೂರು ಇರಬೇಕು. ಪೆಟ್ಟಿಗೆಯ ಪತ್ರಗಳ ನಕಲನ್ನು ವರ್ಷಕ್ಕೊಮ್ಮೆಯಾದರೂ ಕಂಪ್ಯೂಟರಿಗೆ ಇಳಿಸಿಕೊಳ್ಳುವುದೂ ಅಗತ್ಯ, ಏಕೆಂದರೆ ಕೈಮರ ತಿರುಗಿಸಿದರೆ ಹೊಸ ಪತ್ರ ಮಾತ್ರ ಹೊಸ ಮನೆಗೆ ಬರುತ್ತದೆ.

ಡೊಮೈನ್ ಕುಟುಂಬದ ಹೆಸರಿನದ್ದಾದರೆ ಅದು ಒಬ್ಬರ ನಂತರ ಇನ್ನೊಬ್ಬರ ಕೈಗೆ ಹೋಗಬೇಕು. ರಿಜಿಸ್ಟ್ರಾರ್‌ನ ಹೆಸರು, ಖಾತೆಯ ವಿವರ, ನವೀಕರಣದ ತಾರೀಖು, ಡಿಎನ್ಎಸ್ ಎಲ್ಲಿದೆ, ಪೆಟ್ಟಿಗೆ ಎಲ್ಲಿದೆ ಎಂಬುದನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ ಇರುವ ಟ್ರಂಕಿನಲ್ಲೇ ಇಡಬಹುದು.